ಎರಡು ಕೋವಿ, ಒಂದು ಲೈಸೆನ್ಸ್: ಬೆಂಗಳೂರಿನ ಒಂದು ಮನೆಯ ಪ್ರಕರಣ

ಅಜ್ಜನ ಕಾಲದ ಕೋವಿ ಅಟ್ಟದಿಂದ ಕೆಳಗಿಳಿದಾಗ ಮನೆಯವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಇದನ್ನು ಹೊಳೆಯುವ ಹಾಗೆ ಮಾಡೋದು ಹೇಗೆ? ಇದಕ್ಕೆ ಎಷ್ಟು ಬೆಲೆ ಬರುತ್ತೆ? ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ನಳಿಗೆಯ ಒಳಗೆ ಮದ್ದು ಉಳಿದಿದೆಯೇ? ಇದನ್ನು ಇಟ್ಟುಕೊಳ್ಳಲು ಕಾಗದ ಇದೆಯೇ? ಇದು ನಿಜಕ್ಕೂ ಯಾವ ಕೋವಿ? ಈ ಕ್ರಮ ಹಿಂದುಮುಂದಾದರೆ ಜೀವಕ್ಕೂ ಅಪಾಯ, ಕಾನೂನಿನ ತೊಡಕೂ ಬರುತ್ತದೆ, ಕೋವಿಯ ಚರಿತ್ರೆಯೂ ಅಳಿಸಿಹೋಗುತ್ತದೆ. ಬೆಂಗಳೂರಿನ ಒಂದು ಕುಟುಂಬದಲ್ಲಿ ಈ ಕ್ರಮ ಅರ್ಧ ತಪ್ಪಿತ್ತು. ಉಳಿದರ್ಧವನ್ನು ಅವರು ಸರಿಯಾದ ಹೊತ್ತಿಗೆ ಹಿಡಿದುಕೊಂಡರು. ಹಳೆಯ ಲೋಹದ ವಸ್ತುಗಳನ್ನು ಉಳಿಸುವುದು ನನ್ನ ಕೆಲಸವಾದ್ದರಿಂದ ನನ್ನನ್ನು ಕರೆಸಿದ್ದರು. ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಕೋವಿಯ ನಂಬರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ.

ಹಿನ್ನೆಲೆ

ಕುಟುಂಬದ ಮೂಲ ಹಾಸನ ಜಿಲ್ಲೆಯ ಮಲೆನಾಡು ಭಾಗ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ, ಹಂದಿ ಕಾಟದಿಂದ ಬೆಳೆ ಕಾಯಲು ಕೋವಿ. ಅಪ್ಪ ನೌಕರಿಗೆಂದು ಬೆಂಗಳೂರಿಗೆ ಬಂದು ಬಸವನಗುಡಿ ಕಡೆ ಮನೆ ಮಾಡಿದರು. ಊರಿನ ತೋಟ ಕೈಬಿಟ್ಟಾಗ ಕೋವಿಗಳೂ ಅವರ ಹಿಂದೆ ಬಂದವು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಮ್ಮ ಮತ್ತು ಮಗಳು ಇದ್ದಾರೆ. ಮಗ ಹೊರದೇಶದಲ್ಲಿ ಕೆಲಸದಲ್ಲಿದ್ದಾನೆ. ಇಲ್ಲಿ ಅವರನ್ನು ಅಮ್ಮ, ಅಕ್ಕ, ತಮ್ಮ ಎಂದೇ ಕರೆಯುತ್ತೇನೆ.

ಕೋವಿಗಳು ಎರಡು. ಒಂದು ಜೋಡು ನಳಿಗೆಯ ತೋಟೆ ಕೋವಿ. ಸರ್ಕಾರಿ ಕಾಗದದಲ್ಲಿ ಡಿಬಿಬಿಎಲ್ (ಡಬಲ್ ಬ್ಯಾರೆಲ್ ಬ್ರೀಚ್ ಲೋಡಿಂಗ್, ಅಂದರೆ ಹಿಂದಿನಿಂದ ತೋಟೆ ತುಂಬುವ ಜೋಡು ನಳಿಗೆ) ಎಂದು ಬರೆಯುತ್ತಾರಲ್ಲ, ಆ ಜಾತಿ. ಹೊರಗೆ ಎರಡು ಕುದುರೆಗಳಿರುವ, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯಂಥ ಭಾಗಗಳಿರುವ ಹಳೆಯ ಮಾದರಿ. ಇನ್ನೊಂದು ಒಂಟಿ ನಳಿಗೆಯ ಕೇಪಿನ ಕೋವಿ, ಅಂದರೆ ಕುದುರೆ ಬಡಿದಾಗ ಕಿಡಿ ಕೊಡುವ ಸಣ್ಣ ಲೋಹದ ಕೇಪಿನಿಂದ ಮದ್ದು ಹೊತ್ತಿಸುವ ಕೋವಿ. ಇದಕ್ಕೆ ಬಾಯಿಯಿಂದ ಮದ್ದು, ನಾರು, ಚರೆ ತುಂಬಿ ಗಜದಿಂದ ಜಡಿಯಬೇಕು. ಕಾಗದದ ಭಾಷೆಯಲ್ಲಿ ಎಸ್‌ಬಿಎಂಎಲ್.

ಎರಡೂ ಒಂದು ಉದ್ದ ಟ್ರಂಕಿನಲ್ಲಿ, ಚರ್ಮದ ಚೀಲದೊಳಗೆ ಇದ್ದವು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬರುತ್ತಿದ್ದವು. ಕೊಬ್ಬರಿ ಎಣ್ಣೆ ಸವರಿ, ಅರಿಸಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಮಾರನೇ ದಿನ ಹಾಗೇ ಒಳಗಿಡುತ್ತಿದ್ದರು. ಭಕ್ತಿಯಿಂದ ಮಾಡಿದ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಳಿಗೆಯ ಮೇಲೆ ತುಕ್ಕು ಬಿದ್ದ ಜಾಗ ನೋಡಿದರೆ ಪ್ರತಿಯೊಂದು ಗುಳಿಯೂ ಬೊಟ್ಟಿನಷ್ಟೇ ದುಂಡಗಿತ್ತು. ಕುಂಕುಮವನ್ನು ಒದ್ದೆ ಮಾಡಿ ಇಟ್ಟಿರುತ್ತಾರೆ, ಹಲವು ಕುಂಕುಮಗಳಲ್ಲಿ ನಿಂಬೆಹುಳಿಯೂ ಇರುತ್ತದೆ. ಹೂವಿನ ನೀರು ಅದರ ಜೊತೆ ಸೇರುತ್ತದೆ. ಕೊಬ್ಬರಿ ಎಣ್ಣೆ ವರ್ಷಗಟ್ಟಲೆ ಕೂತರೆ ಕಮಟಾಗಿ, ಅಂಟಾಗಿ, ಧೂಳನ್ನೂ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಿತ್ತಾಳೆ ಭಾಗ ಇದ್ದರೆ ಹಸಿರುಗಟ್ಟುತ್ತದೆ. ಮೇಲಿಂದ ಚರ್ಮದ ಚೀಲ. ಚರ್ಮ ಹದ ಮಾಡಿದ ಹುಳಿ ಅಂಶ ಅದರಲ್ಲೇ ಉಳಿದಿರುತ್ತದೆ, ಮಳೆಗಾಲದ ತೇವವನ್ನೂ ಅದು ಹೀರುತ್ತದೆ. ಸಾಗಿಸುವಾಗ ಚರ್ಮದ ಚೀಲ ಒಳ್ಳೆಯದು. ವರ್ಷಗಟ್ಟಲೆ ಇಡೋದಕ್ಕೆ ಅಷ್ಟೇ ಕೆಟ್ಟದ್ದು.

ಸಮಸ್ಯೆ ಎದ್ದದ್ದು

ರಜೆಗೆ ಬಂದ ತಮ್ಮನಿಗೆ ಟ್ರಂಕ್ ತೆಗೆದಾಗ ಬೇಸರವಾಯಿತು. ಅಪ್ಪ ಇದ್ದಾಗ ಹೀಗಿರಲಿಲ್ಲ ಅನ್ನಿಸಿತು. ಎಸ್‌ಜೆಪಿ ರಸ್ತೆಗೆ ಹೋಗಿ ಎಮೆರಿ ಕಾಗದ, ತುಕ್ಕು ಕಳೆಯುವ ಆಸಿಡ್ ಬಾಟಲಿ, ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚ್ ತಂದ. ಮೊದಲು ಜೋಡು ನಳಿಗೆಯ ಮೇಲಿನ ಪಟ್ಟಿಯನ್ನು, ಅಂದರೆ ಎರಡು ನಳಿಗೆಗಳನ್ನು ಬೆಸೆಯುವ ರಿಬ್ಬನ್ನು, ಎಮೆರಿಯಿಂದ ಉಜ್ಜಿದ. ಅಂಗೈ ಅಗಲದಷ್ಟು ಬೆಳ್ಳಗಾಯಿತು. ಅಲ್ಲಿ ಕೆತ್ತಿದ್ದ ಅಕ್ಷರಗಳಲ್ಲಿ ಅರ್ಧ ಮಾಯವಾದವು. ಆಮೇಲೆ ಕೇಪಿನ ಕೋವಿಯ ಕಡೆ ತಿರುಗಿದ. ಕೇಪು ಕೂರಿಸುವ ನಿಪ್ಪಲ್ ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಕಾಯಿಸಿದರೆ ಸಡಿಲವಾಗುತ್ತೆ ಎಂದು ಎಲ್ಲೋ ನೋಡಿದ್ದ.

ಅಕ್ಕ ತಡೆದರು. "ಇರೋ, ಅಕ್ಷರ ಹೋಯ್ತು ನೋಡು. ಯಾರನ್ನಾದ್ರೂ ಕೇಳಿ ಆಮೇಲೆ ಮಾಡೋಣ" ಅಂದರು. ಅವರು ತಡೆದದ್ದು ಅಕ್ಷರ ಹೋಯಿತಲ್ಲ ಎಂಬ ಸಂಕಟಕ್ಕೆ. ಅದರಿಂದ ತಮ್ಮನ ಕೈ, ಬಹುಶಃ ಜೀವವೂ ಉಳಿಯಿತು ಎಂಬುದು ಗೊತ್ತಾದದ್ದು ಆಮೇಲೆ.

ಫೋನಿನಲ್ಲಿ ನಾನು ಕೇಳಿದ್ದು ಕಾಗದದ ವಿಷಯ. ಅಪ್ಪನ ಲೈಸೆನ್ಸ್ ಪುಸ್ತಕ ಸಿಕ್ಕಿತು. ಅದರಲ್ಲಿ ಇದ್ದದ್ದು ಒಂದೇ ಕೋವಿ, ಡಿಬಿಬಿಎಲ್. ಕೇಪಿನ ಕೋವಿಯ ಸುದ್ದಿಯೇ ಇಲ್ಲ. "ಅದು ಆಂಟಿಕ್ ಅಲ್ವಾ ಸಾರ್, ಅದಕ್ಕೆ ಲೈಸೆನ್ಸ್ ಬೇಡ ಅಂತಾರೆ" ಎಂದು ತಮ್ಮ ಹೇಳಿದ.

ಈ ನಂಬಿಕೆ ಎಷ್ಟು ಮನೆಗಳಲ್ಲಿದೆಯೋ! 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಹಳೆಯ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಇರುವುದು ನಿಜ. ಆದರೆ ಅದಕ್ಕೆ ಒಂದು ಗಟ್ಟಿ ಷರತ್ತಿದೆ. ಆ ಆಯುಧ ರಿಪೇರಿ ಮಾಡಿದರೂ, ಮಾಡದಿದ್ದರೂ ಕೋವಿಯಾಗಿ ಕೆಲಸ ಮಾಡುವ ಸ್ಥಿತಿಯಲ್ಲಿ ಇರಬಾರದು. ಬರೀ ಹಳೆಯದು ಎಂಬ ಕಾರಣ ಸಾಲದು. ಕುದುರೆ ಏಳುವ, ನಳಿಗೆ ಗಟ್ಟಿಯಿರುವ ಕೇಪಿನ ಕೋವಿ ಎಷ್ಟು ಹಳೆಯದಾದರೂ ಈ ಷರತ್ತಿನೊಳಗೆ ಬರುವುದಿಲ್ಲ. ಕೊಡಗಿನವರಿಗೆ ಇರುವ ವಿನಾಯಿತಿಯ ಮಾತೂ ಇಲ್ಲಿ ಬಂತು. ಅದು ಕೊಡವರಿಗೆ ಮತ್ತು ಅಲ್ಲಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಸಂಬಂಧಿಸಿದ್ದು. ಹಾಸನ ಮೂಲದ ಈ ಮನೆಗೆ ಅನ್ವಯಿಸುವುದಿಲ್ಲ.

ಮೊದಲ ತಿರುವು: ನಳಿಗೆಯ ಒಳಗೆ

ವಕೀಲರೊಬ್ಬರನ್ನು ಕೇಳಿ, ಅಕ್ಕ ತಾವೇ ಠಾಣೆಗೆ ಪತ್ರ ಬರೆದು ತಿಳಿಸಿದರು. ಠಾಣೆಯಿಂದ ಒಬ್ಬರು, ಲೈಸೆನ್ಸ್ ಇರುವ ಕೋವಿ ಅಂಗಡಿಯ ಮೇಸ್ತ್ರಿ ಒಬ್ಬರು ಮನೆಗೆ ಬಂದರು. ನಾನೂ ಹೋಗಿದ್ದೆ.

ಮೇಸ್ತ್ರಿ ಕೇಪಿನ ಕೋವಿಯನ್ನು ಗೋಡೆಯ ಕಡೆ ಬಾಯಿ ಮಾಡಿ ಮಲಗಿಸಿದರು. ಎಲ್ಲರನ್ನೂ ಹಿಂದಕ್ಕೆ ಕಳಿಸಿದರು. ನಿಪ್ಪಲ್ ಮೇಲೆ ಕೇಪು ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ತೆಳ್ಳಗಿನ ಮರದ ಕೋಲನ್ನು ಪಕ್ಕದಿಂದ ನಿಧಾನವಾಗಿ ನಳಿಗೆಯೊಳಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಕೋಲಿಗೆ ಗುರುತು ಹಾಕಿದರು. ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ಅಳೆದರು. ಕೋಲು ನಿಪ್ಪಲ್ ಇರುವ ಜಾಗಕ್ಕಿಂತ ನಾಲ್ಕು ಬೆರಳು ಮೊದಲೇ ನಿಂತಿತ್ತು.

"ಈಡು ತುಂಬೇ ಇದೆ ಅಮ್ಮ" ಅಂದರು ಮೇಸ್ತ್ರಿ. ಅಮ್ಮ ಕುರ್ಚಿಯಲ್ಲಿ ಕೂತುಬಿಟ್ಟರು. ಅಷ್ಟು ವರ್ಷ ಆಯುಧಪೂಜೆಯಲ್ಲಿ ಮೊಮ್ಮಕ್ಕಳು ಅದರ ಪಕ್ಕದಲ್ಲೇ ಆಡಿದ್ದರು.

ಮಲೆನಾಡಿನಲ್ಲಿ ರಾತ್ರಿ ಹಂದಿ ಬಂದರೆ ಕೈಗೆ ಸಿಗಲಿ ಎಂದು ಕೇಪಿನ ಕೋವಿಯನ್ನು ತುಂಬಿಟ್ಟು, ಕೇಪು ಮಾತ್ರ ತೆಗೆದಿಡುವುದು ರೂಢಿಯಾಗಿತ್ತು. ಹಾಗೆ ತುಂಬಿದ್ದನ್ನು ಮರೆತದ್ದೂ ಇದೆ. ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ತೇವ ತಾಕದೆ ಒಣಗಿದ್ದರೆ ಅದು ದಶಕಗಳ ನಂತರವೂ ಹತ್ತಿಕೊಳ್ಳುತ್ತದೆ. ಗ್ಯಾಸ್ ಟಾರ್ಚಿನ ಬಿಸಿ ನಿಪ್ಪಲ್ ಮೂಲಕ ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ತಮ್ಮ ಟಾರ್ಚನ್ನು ಆ ಹೊತ್ತೇ ತೆಗೆದಿಟ್ಟ. ಆಮೇಲೆ ಅವನು ಆ ವಿಷಯ ಎತ್ತಲಿಲ್ಲ.

ಮೇಸ್ತ್ರಿ ಅಲ್ಲೇ ನೀರು ಇಳಿಸಿ ಮದ್ದನ್ನು ತೋಯಿಸಿದರು. ಅಂಗಡಿಗೆ ಒಯ್ದು, ಮತ್ತೆ ನೆನೆಯಲು ಬಿಟ್ಟು, ಕೊನೆಗೆ ತಿರುಪು ಮುಳ್ಳಿನ ಗಜದಿಂದ ಹೊರತೆಗೆದರು. ತೆಂಗಿನ ನಾರಿನ ಗಟ್ಟಿ ಉಂಡೆ, ಅದರ ಹಿಂದೆ ಸೀಸದ ಚರೆ, ಮತ್ತೆ ನಾರು, ಅದರಾಚೆ ಕಪ್ಪು ಗಟ್ಟಿ. ಒದ್ದೆಯಾದ ಕರಿಮದ್ದು ಒಣಗಿದರೆ ಮತ್ತೆ ಚುರುಕಾಗಬಹುದು. ಅದಕ್ಕೇ ಅದನ್ನು ನೀರಿನಲ್ಲೇ ಇಟ್ಟು, ಅಲ್ಲಿಂದಲೇ ವಿಲೇವಾರಿ ಮಾಡಿದರು. ಈ ಕೆಲಸ ಮನೆಯಲ್ಲಿ ಯಾರೂ ಕೈ ಹಾಕುವಂಥದ್ದಲ್ಲ. ಕೋಲು ಇಳಿಸಿ ಅಳೆಯುವುದನ್ನೂ ಗೊತ್ತಿದ್ದವರೇ ಮಾಡಲಿ ಎಂಬುದು ನನ್ನ ಮಾತು. ಮನೆಯವರು ಮಾಡಬೇಕಾದ್ದು ಇಷ್ಟೇ: ಕೇಪಿನ ಕೋವಿ ಸಿಕ್ಕರೆ ತುಂಬಿದೆ ಎಂದೇ ತಿಳಿದು, ಬೆಂಕಿಯಿಂದಲೂ ಬಿಸಿಯಿಂದಲೂ ದೂರ ಇಟ್ಟು, ಠಾಣೆಗೆ ತಿಳಿಸಿ ಜನ ಕರೆಸುವುದು.

ಕಾಗದದ ದಾರಿ

ಲೈಸೆನ್ಸ್ ಹೊಂದಿದವರು ತೀರಿಕೊಂಡರೆ ಕೋವಿ ಆಸ್ತಿಯಾಗಿ ವಾರಸುದಾರರದ್ದೇ. ಆದರೆ ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ತಾನಾಗಿ ಬರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅದನ್ನು ಅನಗತ್ಯ ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ಈ ಮನೆಯಲ್ಲಿ ಆ ತಡ ಆಗಲೇ ಆಗಿತ್ತು. ಹಾಗಾಗಿ ಪತ್ರದಲ್ಲಿ ಯಾವುದನ್ನೂ ಮುಚ್ಚದೆ, ಎರಡನೇ ಕೋವಿಯನ್ನೂ ಸೇರಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆಯಲು ವಕೀಲರು ಹೇಳಿದರು. ಎರಡೂ ಕೋವಿ ಅಂಗಡಿಯಲ್ಲಿ ಠೇವಣಿಯಾದವು. ರಸೀದಿ ಸಿಕ್ಕಿತು.

ಕೇಪಿನ ಕೋವಿಯನ್ನು "ಸುಮ್ನೆ ಊರಲ್ಲಿ ಯಾರಿಗಾದ್ರೂ ಕೊಟ್ಟುಬಿಡೋಣ" ಎಂಬ ಸಲಹೆ ನೆಂಟರೊಬ್ಬರಿಂದ ಬಂದಿತ್ತು. ಅಕ್ಕ ಒಪ್ಪಲಿಲ್ಲ. ಇಡೀ ಪ್ರಕರಣದಲ್ಲಿ ಅತಿ ಮುಖ್ಯ ತೀರ್ಮಾನ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ. ಹಾಗೆ ಕೊಟ್ಟಿದ್ದರೆ ಕೊಟ್ಟವರೂ ತೆಗೆದುಕೊಂಡವರೂ ಇಬ್ಬರೂ ಅಪರಾಧಿಗಳು. ಮುಂದೆ ಆ ಕೋವಿ ಎಲ್ಲಿ ಯಾರ ಮೇಲೆ ತಿರುಗುತ್ತಿತ್ತೋ ಯಾರಿಗೆ ಗೊತ್ತು?

ಬೆಂಗಳೂರು ನಗರದಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದ್ದು. ಇನ್‌ಫೆಂಟ್ರಿ ರಸ್ತೆಯ ಕಚೇರಿಗೆ ಅಕ್ಕ ಅರ್ಜಿ ಹಾಕಿದರು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 25ನೇ ನಿಯಮ ವಾರಸುದಾರರಿಗೆ ಲೈಸೆನ್ಸ್ ಕೊಡುವ ಬಗ್ಗೆ ಇದೆ. ಲೈಸೆನ್ಸ್‌ದಾರ ಬದುಕಿದ್ದಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ವಾರಸುದಾರರೊಬ್ಬರ ಹೆಸರು ಸೂಚಿಸಲೂ ಅದು ಅವಕಾಶ ಕೊಡುತ್ತದೆ. ಅಪ್ಪ ಇದನ್ನು ಮಾಡಿದ್ದರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ. ಮನೆಯಲ್ಲಿ ಹಿರಿಯರ ಹೆಸರಿನಲ್ಲಿ ಕೋವಿ ಇದ್ದರೆ ಈ ಒಂದು ವಿಷಯವನ್ನು ಈಗಲೇ ಮಾತಾಡಿ. ಅಮ್ಮ ಮತ್ತು ತಮ್ಮ ಇಬ್ಬರೂ ತಮಗೆ ತಕರಾರಿಲ್ಲ ಎಂದು ಪ್ರಮಾಣಪತ್ರ ಕೊಟ್ಟರು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಕೋವಿ ಇರಬಹುದು. ಅದಕ್ಕೆ ಮೊದಲು ಮೂರಿತ್ತು. ವಂಶಪಾರಂಪರ್ಯದ ಕೋವಿಗೂ ಈ ಮಿತಿ ಇದೆ. ಇವರದ್ದು ಎರಡೇ ಆದ್ದರಿಂದ ಆ ತೊಂದರೆ ಬರಲಿಲ್ಲ.

ತೊಂದರೆ ಬಂದದ್ದು ನಂಬರಿನಲ್ಲಿ. ಲೈಸೆನ್ಸ್ ಪುಸ್ತಕದಲ್ಲಿದ್ದ ಕೋವಿ ನಂಬರೇ ಬೇರೆ, ಟ್ರಿಗರ್ ಸುತ್ತ ಇರುವ ಕಬ್ಬಿಣದ ಬಳೆಯ (ಟ್ರಿಗರ್ ಗಾರ್ಡ್) ಬಾಲದ ಮೇಲೆ ಕೆತ್ತಿದ್ದ ನಂಬರೇ ಬೇರೆ. ಅಂದರೆ ಕಾಗದದ ಪ್ರಕಾರ ಇವರ ಬಳಿ ಇರಬೇಕಾದ ಕೋವಿ ಇಲ್ಲ, ಇರಬಾರದ ಕೋವಿ ಇದೆ! ಅರ್ಜಿ ಅಲ್ಲೇ ನಿಂತಿತು.

ಗುರುತು ಹಿಡಿದ ಬಗೆ

ಇಲ್ಲಿಂದ ಕೋವಿಯನ್ನು ಓದುವ ಕೆಲಸ ಶುರು. ಅಂಗಡಿಯಲ್ಲೇ, ಮೇಸ್ತ್ರಿಯ ಎದುರಲ್ಲೇ ಮಾಡಿದೆವು. ಕೋವಿ ರಿಪೇರಿಗೂ ಲೈಸೆನ್ಸ್ ಬೇಕು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ನಾನು ಅದನ್ನು ಮನೆಗೆ ಒಯ್ಯುವ ಹಾಗಿಲ್ಲ, ಗ್ಯಾರೇಜಿನಲ್ಲಿ ಯಾರೋ ಬಿಚ್ಚುವ ಹಾಗೂ ಇಲ್ಲ.

ರಿಬ್ಬಿನ ಮೇಲೆ ಎಮೆರಿ ತಿಂದ ಅಕ್ಷರಗಳಿಗೆ ಯಾವ ರಾಸಾಯನಿಕವನ್ನೂ ಹಾಕಲಿಲ್ಲ. ಕತ್ತಲು ಮಾಡಿ, ಬೆಳಕಿನ ಟಾರ್ಚನ್ನು ನಳಿಗೆಗೆ ಸಮಾನಾಂತರವಾಗಿ ತಗ್ಗಿಸಿ ಹಿಡಿದು, ದಿಕ್ಕು ಬದಲಿಸುತ್ತಾ ಫೋಟೋ ತೆಗೆದೆವು. ಗೀರಿನ ಆಳ ಸ್ವಲ್ಪವೇ ಉಳಿದಿದ್ದರೂ ಓರೆ ಬೆಳಕಿಗೆ ನೆರಳು ಬೀಳುತ್ತದೆ. ಮದ್ರಾಸು ಎಂಬ ಊರಿನ ಹೆಸರು ಪೂರ್ತಿ ಬಂತು, ಅಂಗಡಿಯ ಹೆಸರು ಮುಕ್ಕಾಲು.

ಮನೆಯವರು ಅದನ್ನೇ ತಯಾರಕರ ಹೆಸರು ಎಂದುಕೊಂಡಿದ್ದರು. ಹಾಗಲ್ಲ. ಆ ಕಾಲದಲ್ಲಿ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತದ ಮ್ಯಾಂಟನ್, ರೊಡ್ಡಾ ತರಹದ ಅಂಗಡಿಗಳು ಇಂಗ್ಲೆಂಡಿನಲ್ಲಿ ತಯಾರಾದ ಕೋವಿ ತರಿಸಿ ತಮ್ಮ ಹೆಸರು ಹಾಕಿ ಮಾರುತ್ತಿದ್ದವು. ಬಂಗಾಳದ ಕ್ರಾಂತಿಕಾರಿಗಳು 1914ರಲ್ಲಿ ಮೌಸರ್ ಪಿಸ್ತೂಲುಗಳನ್ನು ಹೊತ್ತೊಯ್ದದ್ದು ಇದೇ ರೊಡ್ಡಾ ಕಂಪನಿಯ ಸರಕಿನಿಂದ. ರಿಬ್ಬಿನ ಮೇಲಿನ ಹೆಸರು ಯಾರು ಮಾರಿದರು ಎಂದು ಹೇಳುತ್ತದೆ. ಎಲ್ಲಿ, ಯಾವ ಕಾಲದಲ್ಲಿ ತಯಾರಾಯಿತು ಎಂದು ತಿಳಿಯಬೇಕಾದರೆ ನಳಿಗೆ ಬಿಚ್ಚಿ ಕೆಳಭಾಗದ ಚಪ್ಪಟೆ ಜಾಗ ನೋಡಬೇಕು.

ಅಲ್ಲಿ ಪ್ರೂಫ್ ಮುದ್ರೆಗಳಿದ್ದವು. ಪ್ರೂಫ್ ಎಂದರೆ ಮಾಮೂಲಿಗಿಂತ ಜಾಸ್ತಿ ಮದ್ದು ಹಾಕಿ ಹಾರಿಸಿ, ನಳಿಗೆ ತಡೆಯಿತು ಎಂದು ಒತ್ತುವ ಅಧಿಕೃತ ಮುದ್ರೆ. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಎಂಬ ಅಕ್ಷರಗಳು: ಇದು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ 1904ರಿಂದ ಬಳಸಿದ ರೀತಿ. ವಜ್ರದ ಆಕಾರದೊಳಗೆ 12 ಮತ್ತು ಸಿ: ತೋಟೆ ಕೂರುವ ಗೂಡು 12 ಬೋರ್ ಅಳತೆಯದ್ದು. ತೋಟೆ ಗೂಡಿನ ಉದ್ದವನ್ನು ಒತ್ತುವ ಪದ್ಧತಿ 1925ರ ನಿಯಮಗಳಿಂದ ಬಂತು. ಇದರಲ್ಲಿ ಅದಿಲ್ಲ. 1921ರಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿ ವರ್ಷ ಸೂಚಿಸುವ ಸಣ್ಣ ಗುಪ್ತ ಅಕ್ಷರ ಒತ್ತುತ್ತಿದ್ದರು. ಅದೂ ಇಲ್ಲ. ಹಾಗಾದರೆ 1904ರಿಂದ 1921ರ ನಡುವಿನದ್ದು.

ಮನೆಯಲ್ಲಿ ನಡೆದುಬಂದ ಮಾತೆಂದರೆ, ನಾಲ್ವಡಿ ಕೃಷ್ಣರಾಜ ಒಡೆಯರ್ ಅಧಿಕಾರ ವಹಿಸಿಕೊಂಡ ವರ್ಷ ಮುತ್ತಜ್ಜ ಈ ಕೋವಿ ಕೊಂಡರು ಎಂದು. ಅದು 1902. ಮುದ್ರೆ ಅದನ್ನು ಒಪ್ಪುವುದಿಲ್ಲ. ಅಮ್ಮನಿಗೆ ಸ್ವಲ್ಪ ಬೇಜಾರಾಯಿತು. ನಾನು ಹೇಳಿದ್ದು ಇಷ್ಟು: ಹಿರಿಯರ ಮಾತು ಕೆಲವು ವರ್ಷ ಆಚೀಚೆ ಆಗಿರಬಹುದು, ಅಥವಾ ಆ ವರ್ಷ ಕೊಂಡ ಕೋವಿ ಬೇರೆಯೇ ಇರಬಹುದು. ಮಾತನ್ನು ಮಾತು ಎಂದು ಬರೆದಿಡಿ, ಮುದ್ರೆಯನ್ನು ಮುದ್ರೆ ಎಂದು ಬರೆದಿಡಿ. ಒಂದನ್ನು ಇನ್ನೊಂದಕ್ಕೆ ಹೊಂದಿಸಲು ತಿದ್ದಬೇಡಿ.

ನಂಬರಿನ ಗಂಟು ಬಿಚ್ಚಿದ್ದೂ ಇಲ್ಲೇ. ಕೋವಿಯ ನಿಜವಾದ ನಂಬರು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಡೆ ಇರುತ್ತದೆ. ಟ್ರಿಗರ್ ಗಾರ್ಡ್, ನಳಿಗೆಯ ತಳ, ಮುಂಗೈ ಮರದ ಕಬ್ಬಿಣ. ಇಲ್ಲಿ ಮೂರೂ ಕಡೆ ಒಂದೇ ನಂಬರು ಇತ್ತು. ಎಂದರೆ ನಳಿಗೆ, ದೇಹ ಎರಡೂ ಹುಟ್ಟಿನಿಂದ ಒಟ್ಟಿಗೇ ಇವೆ. ಲೈಸೆನ್ಸ್‌ನಲ್ಲಿದ್ದ ನಂಬರು ನಳಿಗೆ ಕೂರುವ ತಟ್ಟೆಯ ಮೇಲೆ ಪೇಟೆಂಟ್ ಎಂಬ ಪದದ ಪಕ್ಕ ಇತ್ತು. ಯಾರೋ ಗುಮಾಸ್ತರು ಎಂದೋ ಕೋವಿ ತೆರೆದು, ಕಣ್ಣಿಗೆ ದೊಡ್ಡದಾಗಿ ಕಂಡ ಪೇಟೆಂಟ್ ನಂಬರನ್ನೇ ಬರೆದುಕೊಂಡಿದ್ದರು. ಅದು ಹಾಗೇ ಪುಸ್ತಕದಿಂದ ಪುಸ್ತಕಕ್ಕೆ ಇಳಿದುಬಂದಿತ್ತು.

ನಮಗೆ ಗೊತ್ತಾದರೆ ಸಾಕೇ? ಕಚೇರಿಗೆ ಪುರಾವೆ ಬೇಕು. ಅದನ್ನು ಕೊಟ್ಟದ್ದು ಅಪ್ಪ ಎತ್ತಿಟ್ಟಿದ್ದ ಒಂದು ಹಳೆಯ ಫೈಲು. ಪ್ರತಿ ಚುನಾವಣೆಯ ಹೊತ್ತಿಗೆ ಕೋವಿಗಳನ್ನು ಠಾಣೆಯಲ್ಲಿ ಜಮಾ ಮಾಡಿಸಿಕೊಳ್ಳುತ್ತಾರಲ್ಲ, ಆ ರಸೀದಿಗಳನ್ನೆಲ್ಲ ಅವರು ಒಂದೂ ಬಿಡದೆ ಇಟ್ಟಿದ್ದರು. ಕೆಲವು ರಸೀದಿಗಳಲ್ಲಿ ಲೈಸೆನ್ಸ್ ನಂಬರಿನ ಪಕ್ಕ, ಟ್ರಿಗರ್ ಗಾರ್ಡಿನ ನಂಬರನ್ನು ಕೋವಿ ನೋಡಿ ಬರೆದಿದ್ದರು. ಇದೇ ಲೈಸೆನ್ಸಿನ ಮೇಲೆ ಇದೇ ಕೋವಿ ಇತ್ತು ಎಂಬುದಕ್ಕೆ ಪೊಲೀಸರದ್ದೇ ಕೈಬರಹ! ಅದೇ ಫೈಲಿನಲ್ಲಿ ಅಜ್ಜನ ಹಾಸನದ ಲೈಸೆನ್ಸ್ ಪುಸ್ತಕವೂ ಸಿಕ್ಕಿತು. ಅದರಲ್ಲಿ ಎರಡೂ ಕೋವಿ ಇದ್ದವು. ಕೇಪಿನ ಕೋವಿಯ ನಳಿಗೆಗೆ ಉಳಿಯಿಂದ ಹೊಡೆದಿದ್ದ ನಂಬರು ಪುಸ್ತಕದ ನಂಬರಿಗೆ ಸರಿಹೊಂದಿತು. ಬೆಂಗಳೂರಿಗೆ ಲೈಸೆನ್ಸ್ ಬದಲಾಯಿಸುವಾಗ ಎರಡನೆಯದು ಬಿಟ್ಟುಹೋಗಿತ್ತು.

ಕೇಪಿನ ಕೋವಿಯ ಬಗ್ಗೆ ಹೇಳುವುದು ಕಡಿಮೆ. ಪ್ರೂಫ್ ಮುದ್ರೆ ಒಂದೂ ಇಲ್ಲ. ತಿರುಪುಗಳು ಕೈಯಲ್ಲಿ ಕೊರೆದವು, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಊರ ಕಮ್ಮಾರರ ಕೆಲಸ. ಯಾವ ಊರು, ಯಾರು, ಯಾವಾಗ ಎಂಬುದಕ್ಕೆ ಅದರ ಮೇಲೆ ಏನೂ ಬರೆದಿಲ್ಲ.

ಎಷ್ಟು ಸರಿಮಾಡಬೇಕು?

ತಮ್ಮನ ಆಸೆ ಜೋಡು ನಳಿಗೆಯನ್ನು ಮತ್ತೆ ಹಾರಿಸುವ ಹಾಗೆ ಮಾಡಬೇಕು ಎಂದಿತ್ತು. ನೈಟ್ರೋ ಪ್ರೂಫ್ ಮುದ್ರೆ (ಆ ಎನ್‌ಪಿ) ಇದೆಯಲ್ಲ, ಈಗಿನ ಹೊಗೆಯಿಲ್ಲದ ಮದ್ದಿಗೂ ತಡೆಯುತ್ತದೆ ಎಂದು ಅವನ ವಾದ. ಅವನು ಓದಿಕೊಂಡಿದ್ದು ತಪ್ಪಲ್ಲ. ಆದರೆ ಆ ಮುದ್ರೆ ಸಾಕ್ಷಿ ಹೇಳುವುದು ಅಂದಿನ ನಳಿಗೆಯ ಬಗ್ಗೆ.

ಮುದ್ರೆಯ ಪಕ್ಕ 13/1 ಎಂದಿತ್ತು. ಅಂದರೆ ಪ್ರೂಫ್ ಆದ ದಿನ ನಳಿಗೆಯ ಒಳ ಅಳತೆ 0.719 ಇಂಚು, ಸುಮಾರು 18.26 ಮಿ.ಮೀ. ಮೇಸ್ತ್ರಿ ಹಿಂಬದಿಯಿಂದ 9 ಇಂಚು ಒಳಗೆ ಗೇಜ್ ಇಟ್ಟು ಅಳೆದರೆ ಈಗ 18.6 ಮಿ.ಮೀ. ಒಳಗೋಡೆ ಇಂಚಿನ ಸಾವಿರದಲ್ಲಿ ಹತ್ತು ಭಾಗಕ್ಕಿಂತ ಹೆಚ್ಚು ಹಿಗ್ಗಿದರೆ ಬ್ರಿಟಿಷ್ ಲೆಕ್ಕದಲ್ಲಿ ಅದು ಪ್ರೂಫ್ ಕಳೆದುಕೊಂಡಂತೆ. ಇಲ್ಲಿ ಅದು ದಾಟಿತ್ತು. ಎಂದೋ ಯಾರೋ ತುಕ್ಕಿನ ಗುಳಿ ತೆಗೆಯಲು ಒಳಗೆ ಉಜ್ಜಿಸಿದ್ದಾರೆ. ಜೊತೆಗೆ ನಳಿಗೆ ಡಮಾಸ್ಕಸ್. ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಜಡೆ ಹೆಣೆದಂತೆ ತಿರುಚಿ, ಸುತ್ತಿ, ಬೆಸೆದು ಮಾಡುವ ನಳಿಗೆ. ಬೆಸುಗೆಯ ಸಂದಿನಲ್ಲಿ ತುಕ್ಕು ಎಷ್ಟು ಆಳಕ್ಕೆ ಹೋಗಿದೆ ಎಂದು ಹೊರಗಿಂದ ಕಾಣುವುದಿಲ್ಲ. ತೋಟೆ ಗೂಡು ಅಳೆದರೆ ಎರಡೂವರೆ ಇಂಚಿನ ಹಳೆಯ ಅಳತೆ. ಈಗಿನ 70 ಮಿ.ಮೀ. ತೋಟೆ ಅದರೊಳಗೆ ಸುಮ್ನೆ ಕೂತುಬಿಡುತ್ತದೆ. ಆದರೆ ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಒಳಗೆ ಹೋಯಿತು, ಹಾಗಾಗಿ ಹೊಂದುತ್ತದೆ ಎಂದು ನಂಬುವುದು ಇಲ್ಲಿ ಪ್ರಾಣಕ್ಕೇ ಮುಳುವು.

ಹಾರಿಸುವುದಿಲ್ಲ ಎಂದು ತೀರ್ಮಾನವಾಯಿತು. ಈ ತೀರ್ಮಾನ ಆದ ಮೇಲೆ ಉಳಿದದ್ದೆಲ್ಲ ಹಗುರವಾಯಿತು. ಸ್ಪ್ರಿಂಗ್ ಬದಲಿಸಬೇಕಿಲ್ಲ, ನಳಿಗೆಯ ಒಳಗೆ ಮತ್ತೆ ಉಜ್ಜಬೇಕಿಲ್ಲ. ತುಕ್ಕು ಮುಂದೆ ತಿನ್ನದ ಹಾಗೆ ನಿಲ್ಲಿಸಿದರೆ ಸಾಕು. ಕೋವಿಗಳು ಠೇವಣಿಯಲ್ಲಿದ್ದುದರಿಂದ ಮನೆಯವರ ಲಿಖಿತ ಒಪ್ಪಿಗೆ ಪಡೆದು, ಪೊಲೀಸ್ ಪರಿಶೀಲನೆ ಮುಗಿದ ಮೇಲಷ್ಟೇ ಮೇಸ್ತ್ರಿ ಕೈ ಹಾಕಿದರು. ಮೊದಲು ಎಲ್ಲ ಕಡೆಯಿಂದ ಫೋಟೋ.

ಕೆಂಪಗೆ, ಪುಡಿಪುಡಿಯಾಗಿ ಉದುರುವುದು ಜೀವಂತ ತುಕ್ಕು. ಅದು ಹೋಗಬೇಕು. ಗಟ್ಟಿಯಾಗಿ ಕೂತ ಕಂದು ಬಣ್ಣ ಹಳೆಯ ಹೊದಿಕೆ. ಅದು ಉಳಿಯಬೇಕು. ತೆಳ್ಳಗಿನ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಬಿದಿರಿನ ಕಡ್ಡಿ ಮತ್ತು ಹಿತ್ತಾಳೆ ಚೂರಿನಿಂದ ಕೆಂಪು ತುಕ್ಕನ್ನು ಮಾತ್ರ ಎಬ್ಬಿಸಿದರು. ಹಿತ್ತಾಳೆ ಕಬ್ಬಿಣಕ್ಕಿಂತ ಮೆತ್ತಗೆ, ಹಾಗಾಗಿ ಗೀರು ಬೀಳುವುದಿಲ್ಲ. ಬೊಟ್ಟಿನ ಗುಳಿಗಳು ಉಳಿದವು. ಗುಳಿ ಮುಚ್ಚಬೇಕಾದರೆ ಸುತ್ತಲಿನ ಲೋಹವನ್ನೆಲ್ಲ ಆ ಮಟ್ಟಕ್ಕೆ ಇಳಿಸಬೇಕು, ಡಮಾಸ್ಕಸ್ ಗೆರೆಗಳ ಬಣ್ಣವೂ ಹೋಗುತ್ತದೆ. ಎಮೆರಿ ತಾಗಿದ ಜಾಗಕ್ಕೆ ಕಪ್ಪು ಬಣ್ಣ ಕೊಡಿಸಲು ತಮ್ಮ ಕೇಳಿದ. ಇಡೀ ನಳಿಗೆಗೆ ಕಪ್ಪು ಕೊಟ್ಟರೆ ಹೊಸದರಂತೆ ಕಾಣುತ್ತದೆ, ಗೆರೆ ಮುಚ್ಚಿಹೋಗುತ್ತದೆ. ಅಷ್ಟಗಲಕ್ಕೆ ಮಾತ್ರ ಕೊಟ್ಟರೆ ತೇಪೆಯಾಗುತ್ತದೆ. ಹಾಗೇ ಬಿಟ್ಟು ಮೇಣ ಹಚ್ಚಿದೆವು.

ಮರದ ಮೇಲೆ ಕೊಬ್ಬರಿ ಎಣ್ಣೆ ಕಪ್ಪು ಪದರವಾಗಿತ್ತು. ಟರ್ಪಂಟೈನ್ ತಾಗಿಸಿದ ಬಟ್ಟೆಯಿಂದ ತಾಳ್ಮೆಯಿಂದ ಒರೆಸಿದಾಗ ಅಕ್ರೋಟಿನ ಮರದ ನರ ಕಂಡಿತು. ಹಿಡಿಯ ಹತ್ತಿರದ ಗೆರೆಗೆತ್ತನೆಗೆ ಹಲ್ಲುಜ್ಜುವ ಬ್ರಷ್. ವಾರ್ನಿಶ್ ಬಳಿಯಲಿಲ್ಲ.

ಎಡಗಡೆಯ ಕುದುರೆಯ ಬಗ್ಗೆ ಜಾಸ್ತಿ ಚರ್ಚೆಯಾಯಿತು. ಅದು ಬಲಗಡೆಯದರ ಜೋಡಿಯಲ್ಲ. ಕೆತ್ತನೆ ಇಲ್ಲ, ಬಾಗು ಸ್ವಲ್ಪ ಒರಟು. ಮೂಲದ್ದು ಮುರಿದಾಗ ಊರಲ್ಲೇ ಯಾರೋ ಅರದಿಂದ ಕಡೆದು ಕೂರಿಸಿದ್ದಾರೆ. ಇಂಗ್ಲೆಂಡಿನಿಂದ ಸರಿಜೋಡಿ ಹುಡುಕಿ ತರಿಸೋಣ ಎಂದು ತಮ್ಮ. ಆಗ ಅಮ್ಮ ಮಾತಾಡಿದರು. ಮದುವೆಯಾಗಿ ಬಂದ ಹೊಸದರಲ್ಲಿ ಮಾವನವರು ಈ ಕುದುರೆ ತೋರಿಸಿ, ಇದನ್ನು ಮಾಡಿದವರು ನಮ್ಮೂರಿನ ಆಚಾರರು, ಇಂಗ್ಲಿಷರದ್ದಕ್ಕಿಂತ ಗಟ್ಟಿ ಎನ್ನುತ್ತಿದ್ದರಂತೆ. ಅದನ್ನು ಬದಲಿಸುವ ಮಾತು ಅಲ್ಲಿಗೇ ಮುಗಿಯಿತು. ಕೋವಿಯ ಬಿಡಿಭಾಗ ತರಿಸಲು ಆಮದು ಅನುಮತಿಯ ತೊಡಕೂ ಇದೆ. ಆದರೆ ನಾನು ಬೇಡ ಎಂದದ್ದು ಅದಕ್ಕಲ್ಲ. ಬರ್ಮಿಂಗ್‌ಹ್ಯಾಮ್‌ನ ಕೋವಿಗೆ ಮಲೆನಾಡಿನ ಆಚಾರರು ಕೂರಿಸಿದ ಕುದುರೆಯೇ ಇದನ್ನು ಈ ಮನೆಯ ಕೋವಿ ಮಾಡುವುದು.

ಏನಾಯಿತು

ಪೊಲೀಸ್ ಆರ್ಮರರ್ ಕೋವಿ ನೋಡಿ, ಮೂರು ಕಡೆಯ ನಂಬರು ದಾಖಲಿಸಿ ವರದಿ ಕೊಟ್ಟರು. ರಸೀದಿಗಳ ಜೊತೆ ಅದನ್ನು ಸೇರಿಸಿ ಅಕ್ಕ ಮತ್ತೆ ಅರ್ಜಿ ಕೊಟ್ಟರು. ನಂಬರು ತಿದ್ದುಪಡಿಯಾಗಿ ಜೋಡು ನಳಿಗೆ ಅವರ ಹೆಸರಿಗೆ ಬಂತು. ಸುರಕ್ಷತಾ ತರಬೇತಿಯನ್ನೂ ಅವರು ಮುಗಿಸಿದರು. ತೋಟೆ ಕೊಳ್ಳುವುದಿಲ್ಲ ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡಿದ್ದಾರೆ. ಕೋವಿ ಈಗ ಬೀಗವಿರುವ ಕಬ್ಬಿಣದ ಬೀರುವಿನಲ್ಲಿ, ಹತ್ತಿ ಬಟ್ಟೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇದೆ. ಆಯುಧಪೂಜೆಗೆ ಕುಂಕುಮವನ್ನು ಕೋವಿಗೆ ಹಚ್ಚದೆ, ಮುಂದಿಟ್ಟ ವೀಳ್ಯದೆಲೆಗೆ ಹಚ್ಚುತ್ತಾರೆ. ಇದು ಅಮ್ಮನದೇ ಉಪಾಯ, ನಾನು ಹೇಳಿದ್ದಲ್ಲ.

ಬೆಲೆಯ ವಿಷಯದಲ್ಲಿ ತಮ್ಮನ ಲೆಕ್ಕ ಇಳಿಯಿತು. ಇಂಥ ಕೋವಿ ವಿದೇಶದ ಹರಾಜಿನಲ್ಲಿ ಒಳ್ಳೆಯ ಬೆಲೆಗೆ ಹೋಗುವುದನ್ನು ಅವನು ನೋಡಿದ್ದ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಇಲ್ಲಿ ಮಾರಬೇಕಾದರೂ ಲೈಸೆನ್ಸ್ ಇರುವವರಿಗೇ ಮಾರಬೇಕು, ಹಾರದ ಕೋವಿಗೆ ಕೊಳ್ಳುವವರು ಕಡಿಮೆ.

ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಒಂದೇ. ಅಳಿಸಿದ್ದನ್ನು ತರಲಾಗಲಿಲ್ಲ, ಉಳಿಸಿದ್ದೆಲ್ಲ ಕೆಲಸಕ್ಕೆ ಬಂತು. ಟ್ರಿಗರ್ ಗಾರ್ಡಿನ ನಂಬರಿಗೆ ಎಮೆರಿ ತಾಗಿದ್ದರೆ ರಸೀದಿಗಳೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಉಜ್ಜಿ ಅಳಿಸಿದ ನಂಬರು ನೋಡಿದರೆ ಪೊಲೀಸರಿಗೆ ಬೇರೆಯೇ ಅನುಮಾನ ಬರುತ್ತದೆ. ಅದು ಸಹಜವೂ ಹೌದು. ಅಪ್ಪ ಹಳೆಯ ರಸೀದಿಗಳನ್ನು ಕಸ ಎಂದು ಎಸೆದಿದ್ದರೆ ಅರ್ಜಿ ಇನ್ನೂ ನಿಂತೇ ಇರುತ್ತಿತ್ತು. ಹಾಗಾಗಿ ಯಾರಾದರೂ ನನ್ನನ್ನು ಕೇಳಿದರೆ ಈಗ ಮೊದಲು ಹೇಳುವುದು ಎಣ್ಣೆ, ಬಟ್ಟೆಯ ವಿಷಯವಲ್ಲ. ಕೋವಿಯನ್ನು ಮುಟ್ಟದೆ ಬಿಡಿ, ಮನೆಯ ಕಾಗದಗಳನ್ನೆಲ್ಲ ಹೊರಗೆ ತೆಗೆಯಿರಿ, ಅಜ್ಜನ ಕಾಲದ ಪುಸ್ತಕವನ್ನೂ ಹುಡುಕಿ, ಠಾಣೆಗೆ ತಿಳಿಸಿ ಎನ್ನುತ್ತೇನೆ.

ಕೇಪಿನ ಕೋವಿಯ ವಿಷಯ ಇದನ್ನು ಬರೆಯುವ ಹೊತ್ತಿಗೆ ತೀರ್ಮಾನವಾಗಿಲ್ಲ. ಅಜ್ಜನ ಪುಸ್ತಕದ ಆಧಾರದ ಮೇಲೆ ಅಕ್ಕನ ಲೈಸೆನ್ಸಿಗೆ ಅದನ್ನೂ ಸೇರಿಸಬೇಕೆಂಬ ಅರ್ಜಿ ಬಾಕಿ ಇದೆ. ನಡುವೆ ಲೈಸೆನ್ಸ್ ಇಲ್ಲದೆ ಕಳೆದ ವರ್ಷಗಳ ಬಗ್ಗೆ ಕಚೇರಿ ವಿವರಣೆ ಕೇಳಿತ್ತು, ಅಕ್ಕ ಬರೆದು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಆ ಕೋವಿ ಅಂಗಡಿಯ ಠೇವಣಿಯಲ್ಲೇ ಇರುತ್ತದೆ. ಸಿಗದಿದ್ದರೆ ಅದನ್ನು ಸರ್ಕಾರಕ್ಕೆ ಒಪ್ಪಿಸಲು ಮೂವರೂ ಒಪ್ಪಿ, ಆ ಪತ್ರಕ್ಕೂ ಈಗಾಗಲೇ ಸಹಿ ಹಾಕಿದ್ದಾರೆ.